ಕರಗಿಸಿದ ರಿವಾಲ್ವರ್: ಕಂತು ಏಳು

"ಮುಟ್ಟಬಹುದಾ?" ಎಂದು ನಿವೆಸ್ ಜಿತ್ತಿ ಕೇಳಿದಳು.

"ಮುಟ್ಟಿ ನೋಡಲಿ ಅಂತಾನೇ ಕರೆಸಿದ್ದು ಸಿನ್ಯೋರಾ," ಎಂದ ಠಾಣೆಯ ಅಧಿಕಾರಿ ಮಾರ್ಷಲ್ ಲೊ ಕಾಶೊ. "ಬೆರಳಚ್ಚು ಹುಡುಕಿದ್ದಾಯ್ತು. ಒಂದೂ ಸಿಗಲಿಲ್ಲ. ಯಾರೋ ಚೆನ್ನಾಗಿ ಒರೆಸಿಟ್ಟಿದಾರೆ."

ಠಾಣೆಯ ಮೇಜಿಗೆ ಹಳೆಯ ಪತ್ರಿಕೆ ಹಾಸಿತ್ತು. ಅದರ ಮೇಲೆ ಹಿತ್ತಾಳೆ ಚೌಕಟ್ಟಿನ, ಕರಿಮದ್ದಿನ ಒಂದು ರಿವಾಲ್ವರ್. ನಾಲ್ಕು ದಿನದ ಹಿಂದೆ, ಬುಧವಾರ ಬೆಳಿಗ್ಗೆ, ನೋಟರಿ ಫೌಸ್ತಿನೊ ಕವಾನ್ಯಾ ತನ್ನ ಬಂದೂಕಿನ ಕೋಣೆಯಲ್ಲಿ ಎದೆಗೆ ಗುಂಡು ತಗುಲಿ ಸತ್ತು ಬಿದ್ದಿರುವುದು ಕಂಡಾಗ ಇದು ಅವನ ಕಾಲ ಬಳಿ ಇತ್ತು.

ನೂರೈವತ್ತು ವರ್ಷ ಹಳೆಯ ಅಮೆರಿಕನ್ ಮಾದರಿಯ ನಕಲು ಅದು. ಇಟಲಿಯ ಈ ವಾಲ್ ತ್ರೊಂಪಿಯಾ ಕಣಿವೆಯ ಅರ್ಧ ಜನ ಇಂಥ ನಕಲು ಮಾಡಿಯೇ ಹೊಟ್ಟೆ ಹೊರೆದವರು, ಉಳಿದರ್ಧ ಜನ ಅದನ್ನೇ ಕೊಂಡು ಭಾನುವಾರ ಗುರಿ ಹೊಡೆದವರು. ನಿವೆಸ್ ಮೊದಲನೆಯ ಪೈಕಿ. ಮೂವತ್ತು ವರ್ಷ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಕೂಡಿಸಿ, ಅಳೆದು, ಪಾಸು ಮಾಡುತ್ತಿದ್ದವಳು. ಈಗ ಅರವತ್ತೊಂದು ವಯಸ್ಸು, ಕನ್ನಡಕ ಎರಡು, ಆದರೆ ಬೆರಳುಗಳು ಇನ್ನೂ ವಯಸ್ಸಿನ ಮಾತು ಕೇಳುವುದಿಲ್ಲ.

"ನೋಟರಿ ಹತ್ರ ಇಂಥವು ನಲವತ್ತೊಂದಿತ್ತು," ಎಂದ ಮಾರ್ಷಲ್. "ಗಾಜಿನ ಬೀರು, ಒಂದೊಂದಕ್ಕೂ ಚೀಟಿ. ಇದು ನಲವತ್ತೆರಡನೇದು. ಇದಕ್ಕೆ ಮಾತ್ರ ಚೀಟಿ ಇಲ್ಲ. ಮಿಕ್ಕಿದ್ದೆಲ್ಲ ಎಷ್ಟು ಶುಭ್ರ ಅಂತೀರಿ, ನಮ್ಮಮ್ಮನ ಬೆಳ್ಳಿ ಚಮಚಾನೂ ಹಾಗೆ ಹೊಳೀತಿರ್ಲಿಲ್ಲ."

ನಿವೆಸ್ ಹುಬ್ಬು ಗಂಟಿಕ್ಕಿದಳು. ಕರಿಮದ್ದು ಹೊಡೆದ ಬಂದೂಕನ್ನು ಎರಡು ದಿನದೊಳಗೆ ಬಿಸಿನೀರು, ಸೋಪು ಹಾಕಿ ತೊಳೆಯದಿದ್ದರೆ ತುಕ್ಕು ಹಿಡಿದಂತೆಯೇ. ಕೈ ಮೊಣಕೈವರೆಗೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಎರಡು ದಿನ ಬಿಡುವುದಿಲ್ಲ. ಆದರೂ ಈ ಕಣಿವೆಯಲ್ಲಿ ತನ್ನ ಬಂದೂಕನ್ನು ತಾನೇ ತೊಳೆಯಬೇಕು. ಬೇರೆಯವರ ಕೈಲಿ ತೊಳೆಸಿದ ಗಂಡಸು ಗುರಿ ಹೊಡೆಯುವವರ ಕ್ಲಬ್ಬಿನಲ್ಲಿ ತಲೆ ಎತ್ತಿ ಕೂರುವಂತಿಲ್ಲ. ನೋಟರಿ ಕವಾನ್ಯಾನೋ, ಶಾಯಿ ತಾಕಿದರೂ ಕರವಸ್ತ್ರ ತೆಗೆಯುತ್ತಿದ್ದ ಮನುಷ್ಯ. ಅವನ ನಲವತ್ತೊಂದು ಬಂದೂಕು ಹೊಳೆಯುವುದೆಂದರೇನು?

ಪ್ರಶ್ನೆ ಬಂದಷ್ಟೇ ಬೇಗ ಮರೆತುಹೋಯಿತು. ಏಕೆಂದರೆ ಅಷ್ಟರಲ್ಲಿ ಅವಳ ಕೈ ಕೆಲಸ ಶುರುಮಾಡಿತ್ತು. ನಳಿಕೆಯ ಕೆಳಗಿನ ಬೆಣೆ ತಟ್ಟಿ ತೆಗೆದಳು. ನಳಿಕೆ ಬಂತು, ಸಿಲಿಂಡರ್ ಬಂತು. ಹಿಡಿಯ ತಿರುಪುಗಳನ್ನು ಬಿಚ್ಚಿ ಮರವನ್ನು ಸರಿಸಿದಳು. ಒಳಗಿನ ಹಿತ್ತಾಳೆಯ ಮೇಲೆ, ಯಾರಿಗೂ ಕಾಣದ ಜಾಗದಲ್ಲಿ, ಸಣ್ಣದೊಂದು 'ಎನ್' ಅಕ್ಷರ, ಪಕ್ಕದಲ್ಲಿ ಚುಕ್ಕಿ. ಅವಳದೇ ಮುದ್ರೆ.

ಅದರ ಕೆಳಗೆ ಸಂಖ್ಯೆ. ಸಾವಿರದ ನೂರ ಎಂಬತ್ತೇಳು.

ನಿವೆಸ್ ಕನ್ನಡಕ ತೆಗೆದು ಒರೆಸಿದಳು. ಮತ್ತೆ ಹಾಕಿಕೊಂಡು ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಲ್ಲಿಯೂ ಅದೇ ಸಂಖ್ಯೆ. ಅದನ್ನು ಮೆಲ್ಲಗೆ ಪತ್ರಿಕೆಯ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು.

"ಏನಾಯ್ತು ಸಿನ್ಯೋರಾ?"

"ಇದು ನನ್ನ ತಮ್ಮಂದು."

"ತಮ್ಮ ಎಲ್ಲಿದಾರೆ?"

"ಮಣ್ಣಲ್ಲಿ. ಇಪ್ಪತ್ತೆರಡು ವರ್ಷ ಆಯ್ತು. ಇದೇ ಅವನನ್ನ ಕೊಂದಿದ್ದು. ಸಿಲಿಂಡರ್ ಒಡೆದು ಚೂರು ಕತ್ತಿಗೆ ಬಿತ್ತು ಅಂದ್ರು. ಇದನ್ನ ಕರಗಿಸಿಬಿಟ್ರು ಮಾರ್ಷಲ್ರೇ. ಕರಗಿಸಿದ ಹಿತ್ತಾಳೆ ನಮ್ಮನೆ ಕಿಟಕೀಲಿದೆ."

ಮಾರ್ಷಲ್ ದಕ್ಷಿಣದವನು, ಸಿಸಿಲಿಯವನು. ಬಂದು ಎರಡು ವರ್ಷವಾದರೂ ಕಣಿವೆಯ ರೀತಿನೀತಿ ಅವನಿಗೆ ಪೂರ್ತಿ ಹಿಡಿದಿರಲಿಲ್ಲ. ಯಜಮಾನನನ್ನೇ ಕೊಂದ ಬಂದೂಕನ್ನು ಇಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ, ಮಾರುವುದಿಲ್ಲ. ಮೂಸೆಗೆ ಹಾಕಿ ಕರಗಿಸಿ ಮನೆಯವರಿಗೆ ಒಪ್ಪಿಸುತ್ತಾರೆ. ಅವಳ ತಮ್ಮ ಎಲಿಯೊನ ಸಾವಿನ ಮೂರನೆಯ ದಿನ ಕ್ಲಬ್ಬಿನ ಮೈದಾನದ ಉಸ್ತುವಾರಿ ಬತ್ತಿಸ್ತಾ ಪೆದ್ರೆತ್ತಿ, ಊರಿಗೆಲ್ಲ ತಿಸ್ತಾ, ಟೋಪಿ ಕೈಯಲ್ಲಿ ಹಿಡಿದು ಬಂದು ಅವಳಿಗೆ ಹಿತ್ತಾಳೆಯ ಗಟ್ಟಿಯೊಂದನ್ನು ಕೊಟ್ಟಿದ್ದ.

ತನಿಖೆಯ ಕಾಗದದಲ್ಲಿ ಎರಡೇ ಸಾಲು. ಸಿಲಿಂಡರಿನಲ್ಲಿ ಕಾಣದ ಬಿರುಕಿತ್ತು. ಪಾಸು ಮಾಡಿದವರ ಕಣ್ತಪ್ಪು. ಪಾಸು ಮಾಡಿದವಳು ನಿವೆಸ್. ಯಾರೂ ಅವಳನ್ನು ಬೈಯಲಿಲ್ಲ. ಕಾರ್ಖಾನೆಯವರು ಕೆಲಸದಿಂದ ತೆಗೆಯಲೂ ಇಲ್ಲ. ಅಮ್ಮ ಮಾತ್ರ ಆಮೇಲೆ ಮಗಳ ಕೈಯನ್ನು ನೋಡಲಿಲ್ಲ, ಬಟ್ಟಲು ಕೊಟ್ಟರೆ ಬಟ್ಟಲನ್ನಷ್ಟೇ ನೋಡಿ ತೆಗೆದುಕೊಳ್ಳುತ್ತಿದ್ದಳು. ಆ ಗಟ್ಟಿಯನ್ನು ನಿವೆಸ್ ದಿನಾ ಒರೆಸಿದಳು. ಒಮ್ಮೊಮ್ಮೆ ಅದರ ಜೊತೆ ಮಾತಾಡಿದಳು. ಬೆಳಗಿನ ಜಾವ ಎಚ್ಚರವಾದರೆ, ರಿವಾಲ್ವರಿನ ಕುದುರೆ ಹಿಂದಕ್ಕೆಳೆಯುವ ಟಿಕ್ ಟಿಕ್ ಸದ್ದು ಪಕ್ಕದ ಕೋಣೆಯಿಂದ, ಎಲಿಯೊ ಮಲಗುತ್ತಿದ್ದ ಕೋಣೆಯಿಂದ, ಕೇಳಿಸುತ್ತಿತ್ತು. ಅವಳು ಎದ್ದು ಹೋಗಿ ನೋಡುತ್ತಿರಲಿಲ್ಲ. ನೋಡಿ ಏನು ಹೇಳುವುದು?

ಈಗ ಅದೇ ರಿವಾಲ್ವರ್ ಮೇಜಿನ ಮೇಲೆ, ಮೈಮೇಲೆ ಒಂದು ಗೀರೂ ಇಲ್ಲದೆ.

"ನೋಡಿ ಇಲ್ಲಿ," ಎಂದಳು. ಧ್ವನಿ ಅವಳದೇ ಅನ್ನಿಸಲಿಲ್ಲ. "ಸಿಲಿಂಡರ್ ಬೆನ್ನು ಕೊಡೋ ಗೋಡೆ ಇದು. ಹಿತ್ತಾಳೆ ಮೆತ್ತಗಿನ ಲೋಹ. ಮದ್ದು ಜಾಸ್ತಿ ತುಂಬಿದ್ರೆ ಒಂದೊಂದು ಈಡಿಗೂ ಸಿಲಿಂಡರ್ ಹಿಂದಕ್ಕೆ ಗುದ್ದತ್ತೆ, ಅದರ ಹಲ್ಲಿನ ಅಚ್ಚು ಇಲ್ಲಿ ಉಂಗುರದ ಹಾಗೆ ಬೀಳತ್ತೆ. ಇಲ್ಲಿ ಅಚ್ಚಿದೆಯಾ?"

"ನನ್ನ ಕಣ್ಣಿಗಂತೂ ಕಾಣ್ತಿಲ್ಲ."

"ಇಲ್ಲ. ಮುಕ್ಕಾಲು ಗ್ರಾಮಿಗಿಂತ ಒಂದು ಕಾಳು ಮದ್ದೂ ಹೆಚ್ಚು ಹಾಕಬೇಡ ಅಂತ ನಾನೇ ಹೇಳಿದ್ದೆ. ಅವನು ಹಾಕಲಿಲ್ಲ."

ಮಾರ್ಷಲ್ ಸಿಲಿಂಡರಿನ ಕಡೆ ಬೆರಳು ತೋರಿಸಿದ. ಗುಂಡು ಕೂರುವ ಆರು ಮನೆಗಳಲ್ಲಿ ಒಂದು ಖಾಲಿ. ಕ್ಲಬ್ಬಿನವರು ಐದೇ ತುಂಬುತ್ತಾರೆ, ಆರನೆಯದು ಖಾಲಿ, ಅಕಸ್ಮಾತ್ ಈಡು ಹಾರದಂತೆ ಬಡಿಯುವ ಕುದುರೆ ಅದರ ಮೇಲೆ ಕೂರಲಿಕ್ಕೆ. ಒಂದು ಮನೆ ಹೊಡೆದದ್ದು, ಮಸಿ ಹಿಡಿದಿತ್ತು. ಉಳಿದ ನಾಲ್ಕರಲ್ಲಿ ಗುಂಡು ಹಾಗೇ ಇತ್ತು, ಮೇಲೆ ಮೇಣ ಕೊಬ್ಬು ಕಲಸಿ ಬಳಿದದ್ದು. ಕಿಡಿ ಹೊತ್ತಿಸುವ ಕೇಪುಗಳನ್ನು ಮಾತ್ರ ಪೊಲೀಸರು ತೆಗೆದಿದ್ದರು.

"ಇದರೊಳಗೇನಿದೆ ಅಂತ ತೆಗೆದು ತೋರಿಸ್ತೀರಾ? ನಮ್ಮ ಪ್ರಯೋಗಾಲಯದವರು ಬುಧವಾರ ಅಂತಾರೆ. ಯಾವ ಬುಧವಾರ ಅಂತ ಹೇಳಲ್ಲ."

ನಿವೆಸ್ ಸುರುಳಿ ಮೊಳೆಯನ್ನು ಸೀಸದ ಗುಂಡಿನೊಳಕ್ಕೆ ತಿರುಗಿಸಿ ಎಳೆದಳು. ಗುಂಡು ಬಂತು. ಸಿಲಿಂಡರನ್ನು ಕಾಗದದ ಮೇಲೆ ಬಗ್ಗಿಸಿ ತಟ್ಟಿದಳು.

ಮೊದಲು ರವೆ ಬಿತ್ತು. ಆಮೇಲೆ ಮದ್ದು.

"ರವೆನಾ?" ಎಂದ ಮಾರ್ಷಲ್. "ತಿನ್ನೋ ರವೆ?"

"ಮದ್ದು ಕಮ್ಮಿ ಹಾಕಿದ್ರೆ ಮನೆ ಅರ್ಧ ಖಾಲಿ ಉಳಿಯತ್ತೆ. ಗುಂಡು ತುದೀಲೇ ಕೂತ್ಕೋಬೇಕು, ಆಗಲೇ ನೇರ ಹೋಗೋದು. ಮಧ್ಯೆ ತುಂಬೋಕೆ ಒಬ್ಬೊಬ್ಬರು ಒಂದೊಂದು ಹಾಕ್ತಾರೆ. ತಿಸ್ತಾ ಮುಸುಕಿನ ಜೋಳದ ಹಿಟ್ಟು ಹಾಕ್ತಾನೆ. ನೋಟರಿ ಅಂಗಡಿ ರವೆ, ಬಿಳೀದು."

"ಇದು ಬಿಳಿ ಇಲ್ಲ."

ಇಲ್ಲ. ಕೆಂಪಗಿತ್ತು. ನಿವೆಸ್ ಚಿಟಿಕೆ ತೆಗೆದು ಮೂಗಿಗೆ ಹಿಡಿದಳು. ಗಂಧಕದ ಘಾಟಿನ ಕೆಳಗೆ, ಸಣ್ಣಗೆ, ಒಲೆಯ ಮೇಲೆ ಹದವಾಗಿ ಹುರಿದ ರವೆಯ ಘಮ. ಒಂದು ಕ್ಷಣ ಅಮ್ಮನ ಅಡುಗೆಮನೆಯೇ ಬಂದು ನಿಂತಂತಾಯಿತು. ಎಲಿಯೊ ಕಬ್ಬಿಣದ ಬಾಣಲೆಯ ಮುಂದೆ ನಿಂತು ಮರದ ಸೌಟು ಆಡಿಸುತ್ತಿದ್ದಾನೆ, ಅಮ್ಮ ಬೈಯುತ್ತಿದ್ದಾಳೆ.

"ಹಸಿ ರವೆ ಮಂಜಿಗೆ ನೀರು ಹಿಡಿಯತ್ತೆ, ಮದ್ದನ್ನೂ ಕೆಡಿಸತ್ತೆ," ಎಂದಳು ಅವಳು. "ಅದಕ್ಕೇ ಅವನು ಹುರಿದು ಹಾಕ್ತಿದ್ದ. ಕ್ಲಬ್ಬಿನವರಿಗೆ ಹೇಳ್ತಿರಲಿಲ್ಲ, ಅವರು ಕೇಳ್ತಿದ್ರು, ಇವನು ನಗ್ತಿದ್ದ. ಮನೇಲಿ ನಮಗೆ ಮಾತ್ರ ಗೊತ್ತಿತ್ತು."

"ನಮಗೆ ಅಂದ್ರೆ?"

"ಅವನು, ಅಮ್ಮ, ನಾನು. ಬದುಕಿರೋರಲ್ಲಿ ನಾನೊಬ್ಬಳೇ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ಕೇಳಿಸಿತು. ಮಾರ್ಷಲ್‌ಗೆ ಮೊದಲೇ ಕೇಳಿಸಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದು, ಏನೂ ಬರೆಯದೆ ಮತ್ತೆ ಹಾಕಿದ.

"ನಾಳೆ ಬೆಳಿಗ್ಗೆ ಸರ್ಕಾರಿ ವಕೀಲರು ಬ್ರೆಶಿಯಾದಿಂದ ಬರ್ತಾರೆ," ಎಂದ ಮೆತ್ತಗೆ. "ನಾನು ವರದಿ ಕೊಡಬೇಕು. ನಿಮ್ಮ ಮುದ್ರೆ, ನಿಮ್ಮ ತಮ್ಮನ ಬಂದೂಕು, ನಿಮ್ಮನೆ ರವೆ. ಮಂಗಳವಾರ ಸಂಜೆ, ನೋಟರಿ ಸತ್ತ ಹೊತ್ತಲ್ಲಿ, ನೀವೆಲ್ಲಿದ್ರಿ ಅಂತ ಈಗ ಕೇಳಲ್ಲ. ನಾಳೆ ಕೇಳಲೇಬೇಕಾಗತ್ತೆ."

"ಮನೇಲಿದ್ದೆ. ಒಬ್ಬಳೇ."

"ಅದನ್ನೇ ಹೇಳ್ತೀರಿ ಅಂತ ಹೆದರಿದ್ದೆ. ಈಗೆಲ್ಲಿಗೆ?"

"ಮೈದಾನಕ್ಕೆ."

"ಒಳ್ಳೇದು. ಭಾನುವಾರ ಅಲ್ಲಿ ಜೋಳದ ಹಿಟ್ಟಿನ ಪೊಲೆಂತಾ ಚೆನ್ನಾಗಿರತ್ತಂತೆ. ನಾನೂ ಊಟಕ್ಕೆ ಬರ್ತೀನಿ."

ನಗುನಗುತ್ತಲೇ ಹೇಳಿದ. ಆದರೆ ನಿವೆಸ್ ಎದ್ದಾಗ ಅವನ ಕಣ್ಣು ಅವಳ ಕೈಗಳ ಮೇಲಿತ್ತು, ಅಮ್ಮ ನೋಡಲಾಗದೆ ಬಿಟ್ಟ ಕೈಗಳ ಮೇಲೆ.

ಅವಳಿಗೆ ನಾಳೆಯ ಭಯ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ದಾರಿಯುದ್ದಕ್ಕೂ ಅವಳ ಜೊತೆ ನಡೆಯಿತು. ಸಾವಿರದ ನೂರ ಎಂಬತ್ತೇಳು ಒಡೆದೇ ಇಲ್ಲ. ಹಾಗಾದರೆ ಎಲಿಯೊನ ಕೈಯಲ್ಲಿ ಒಡೆದದ್ದು ಯಾವುದು? ತಾನು ಇಪ್ಪತ್ತೆರಡು ವರ್ಷ ಒರೆಸಿದ್ದು ಏನನ್ನು?

ಮನೆಗೆ ಹೋಗಿ ಕಿಟಕಿಯಲ್ಲಿದ್ದ ಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು. ಅದು ಇದ್ದ ಜಾಗದಲ್ಲಿ ಮರ ಬೆಳ್ಳಗೆ ಉಳಿದಿತ್ತು.

ಮೈದಾನವೆಂದರೆ ಊರ ಮೇಲಿನ ಹಳೆಯ ಕಬ್ಬಿಣದ ಗಣಿಯ ಬಾಯಿ. ಎಲಿಯೊ ಅಲ್ಲಿ ಸತ್ತ ದಿನದ ನಂತರ ನಿವೆಸ್ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನವೆಂಬರಿನ ಮಂಜು, ಅದಕ್ಕೆ ಕರಿಮದ್ದಿನ ಹೊಗೆ ಸೇರಿ ಮೇಲೇಳದೆ ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಗುರಿಕಟ್ಟೆಗಳು ಆರು. ಐದರಲ್ಲಿ ಜನ. ನಾಲ್ಕನೆಯದು ಖಾಲಿ.

ಅದು ಎಲಿಯೊನ ಕಟ್ಟೆ. ಅಲ್ಲಿ ಯಾರೂ ನಿಲ್ಲುವುದಿಲ್ಲ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಅದರ ಎದುರಿಗೂ ಹೊಸ ಗುರಿಹಾಳೆ ಹಚ್ಚುತ್ತಾರೆ, ಸಂಜೆ ತೂತಿಲ್ಲದ ಹಾಳೆಯನ್ನು ಮಡಿಸಿ ಇಡುತ್ತಾರೆ. ಸತ್ತವರನ್ನು ಹೀಗೆ ಮರ್ಯಾದೆಯಿಂದ ಕಟ್ಟಿಹಾಕುವುದು ಕಣಿವೆಯವರಿಗೆ ಚೆನ್ನಾಗಿ ಬರುತ್ತದೆ. ನಾಲ್ಕನೆಯ ಕಟ್ಟೆಯಲ್ಲಿಯೂ ಹೊಗೆ ನಿಂತಿತ್ತು, ಪಕ್ಕದ್ದು ಹರಿದು ಬಂದದ್ದಿರಬೇಕು. ನಿವೆಸ್ ಎರಡನೆಯ ಸಲ ಅತ್ತ ನೋಡಲಿಲ್ಲ.

ತಿಸ್ತಾ ಮೇಜಿನ ಬಳಿ ಕೂತು, ಪುಟ್ಟ ಚಮಚದಿಂದ ಮನೆಮನೆಗೆ ಜೋಳದ ಹಿಟ್ಟು ಸುರಿಯುತ್ತಿದ್ದ. ಅರವತ್ತು ದಾಟಿದ ದಪ್ಪ ಮನುಷ್ಯ, ಕೊರಳಲ್ಲಿ ಸೀಟಿ.

"ಅರೆ, ನಿವೆಸ್! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?"

"ಹುಟ್ಟೇ ಇಲ್ಲ, ನೋಡು ಬೇಕಾದ್ರೆ." ಅವಳು ಹಿತ್ತಾಳೆ ಗಟ್ಟಿಯನ್ನು ಅವನ ಮುಂದಿಟ್ಟಳು. "ಇದು ಯಾರದ್ದು ತಿಸ್ತಾ?"

"ಇದೇನೇ ಪ್ರಶ್ನೆ? ಎಲಿಯೊಂದು. ನಾನೇ ಕರಗಿಸಿ ತಂದುಕೊಟ್ಟಿದ್ದಲ್ವಾ."

"ಎಲಿಯೊಂದು ಠಾಣೆ ಮೇಜಿನ ಮೇಲಿದೆ. ನನ್ನ ಮುದ್ರೆ ಇದೆ, ನಂಬರಿದೆ, ಸಿಲಿಂಡರಿಗೆ ಕೂದಲೆಳೆಯಷ್ಟು ಬಿರುಕಿಲ್ಲ. ಈಗಷ್ಟೇ ಬಿಚ್ಚಿ ನೋಡ್ಕೊಂಡು ಬಂದೆ. ಇನ್ನೊಂದ್ಸಲ ಕೇಳ್ತೀನಿ. ಇದು ಯಾರದ್ದು?"

ಚಮಚ ಓರೆಯಾಗಿ ಹಿಟ್ಟು ಮೇಜಿನ ಮೇಲೆ ಚೆಲ್ಲಿತು. ತಿಸ್ತಾ ಅದನ್ನು ಅಂಗೈಯಿಂದ ಗುಡಿಸಿ ಗುಡ್ಡೆ ಮಾಡಿದ, ಮತ್ತೆ ಹರವಿದ, ಮತ್ತೆ ಗುಡ್ಡೆ ಮಾಡಿದ. ಆಮೇಲೆ ಸೀಟಿ ಊದಿದ. ಈಡುಗಳು ನಿಂತವು.

"ಒಳಗೆ ಬಾ," ಎಂದ.

ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆ ಅದು. ಗೋಡೆಯ ತುಂಬ ಪಂದ್ಯದಲ್ಲಿ ಗೆದ್ದ ಕಪ್‌ಗಳು, ಗುಂಪಿನ ಫೋಟೋಗಳು. ಒಂದರಲ್ಲಿ ಎಲಿಯೊ ಇಪ್ಪತ್ತೊಂಬತ್ತರ ಹುಡುಗನಾಗಿ ನಿಂತಿದ್ದ, ಕೂದಲು ಹಣೆಗೆ ಬಿದ್ದಿತ್ತು. ತಿಸ್ತಾ ಆ ಫೋಟೋಗೆ ಬೆನ್ನು ಮಾಡಿ ಕೂತ.

"ಆ ದಿನ ಅವನ ಕೈಲಿದ್ದಿದ್ದು ನೋಟರೀದು."

ನಿವೆಸ್ ನಿಂತೇ ಇದ್ದಳು.

"ಗುಂಡು ಎಡಕ್ಕೆ ಹೋಗತ್ತೆ, ಒಂದ್ಸಲ ಹೊಡೆದು ನೋಡು ಮಾರಾಯ ಅಂತ ಕೊಟ್ಟ. ಮನೇಲೇ ತುಂಬಿ ತಂದಿದ್ದ. ಎಲಿಯೊ ತನ್ನದನ್ನ ಮೇಜಿನ ಮೇಲಿಟ್ಟು ಅದನ್ನ ತಗೊಂಡ."

"ಏನು ತುಂಬಿದ್ದ?"

"ಹೊಸ ಮದ್ದು. ಹೊಗೆ ಬರಲ್ವಲ್ಲ, ಅದು. ಬೇಟೆ ತೋಟಾದ ಮದ್ದು."

ಈ ಕಣಿವೆಯಲ್ಲಿ ಹಾಲುಹಲ್ಲು ಬೀಳದ ಮಗುವಿಗೂ ಗೊತ್ತಿರುವ ಮಾತು ಅದು. ಹೊಸ ಮದ್ದಿನ ಜೋರು ಕರಿಮದ್ದಿನ ಬಂದೂಕಿಗೆ ತಡೆಯುವುದಿಲ್ಲ. ಹಾಕಿದರೆ ಅದು ಬಂದೂಕಲ್ಲ, ಕೈಬಾಂಬು.

"ನೋಟರಿಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅರ್ಧ ಹಾಕಿದ್ರೆ ಏನೂ ಆಗಲ್ಲ ಅಂದ್ಕೊಂಡಿದ್ನಂತೆ. ಅದಕ್ಕೂ ಮುಂಚೆ ಎರಡು ಸಲ ಏನೂ ಆಗಿರಲಿಲ್ವಂತೆ."

"ಯಾಕೆ ತಿಸ್ತಾ? ಅದನ್ನ ಯಾಕೆ ಹಾಕಬೇಕಿತ್ತು?"

ತಿಸ್ತಾ ಬಗ್ಗಿ ತನ್ನ ಬೂಟಿನ ದಾರ ಬಿಗಿದ.

"ತೊಳೆಯೋದು ತಪ್ಪತ್ತಲ್ಲ," ಎಂದ.

ನಿವೆಸ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹೊಸ ಮದ್ದಿಗೆ ಮಸಿ ಇಲ್ಲ, ಬಿಸಿನೀರು ಬೇಕಿಲ್ಲ, ಕೈ ಕಪ್ಪಾಗುವುದಿಲ್ಲ. ಒಬ್ಬ ಮನುಷ್ಯ ಭಾನುವಾರ ಸಂಜೆ ಅರ್ಧ ಗಂಟೆ ಬಂದೂಕು ಉಜ್ಜಲು ಬೇಸರಪಟ್ಟ, ಅದಕ್ಕೆ ಎಲಿಯೊ ಸತ್ತ. ಅದಕ್ಕೆ ಅಮ್ಮ ಕಣ್ಣು ತಿರುಗಿಸಿಕೊಂಡೇ ಸತ್ತಳು. ಅವಳಿಗೆ ಕಿರುಚಬೇಕೆನಿಸಿತು. ಜೊತೆಗೇ, ನಾಚಿಕೆಯಾಗುವಂತೆ, ಇಪ್ಪತ್ತೆರಡು ವರ್ಷ ಹೆಗಲಿಗೆ ಕಟ್ಟಿದ್ದ ಏನೋ ಒಂದು ಬಿಚ್ಚಿ ಜಾರಿತು. ನಾನಲ್ಲ. ನಾನು ಕೊಂದಿದ್ದಲ್ಲ.

"ನಿನಗೆ ಆಗಲೇ ಗೊತ್ತಾಯ್ತಾ?"

"ಚೂರು ಆರಿಸೋವಾಗ. ಗಂಧಕದ ವಾಸನೇನೇ ಇರಲಿಲ್ಲ. ನೋಟರಿ ಅಲ್ಲೇ ನಿಂತಿದ್ದ, ಬೆಳ್ಳಗೆ. ಈ ಮೈದಾನದ ನೆಲ ಅವನದು ನಿವೆಸ್, ಆಗಲೂ, ಮೊನ್ನೆವರೆಗೂ. ಅವನು ಕಾಗದ ಬರೆದ, ನಾನು ರುಜು ಹಾಕಿದೆ. ಅದರಲ್ಲಿ ಎಲಿಯೊನ ಬಂದೂಕಿನ ನಂಬರ್ ಹಾಕಿದ್ವಿ. ಸಿಲಿಂಡರ್ ಚೂರು ಗುಜರಿಗೆ ತೂಕಕ್ಕೆ ಹೋಯ್ತು, ಚೌಕಟ್ಟನ್ನ ಯಾರೂ ಕೇಳಲೇ ಇಲ್ಲ. ನೋಟರೀದನ್ನ ಕರಗಿಸಿದೆ. ಎಲಿಯೊಂದನ್ನ ಅವನು ತಗೊಂಡು ಹೋಗಿ ಬೀರೂಲಿಟ್ಟ."

"ನಂಬರ್ ಹಾಕಿದ್ರೆ ಪಾಸು ಮಾಡಿದವಳು ನಾನು ಅಂತಾಗತ್ತೆ. ಅದು ತಲೆಗೆ ಬರಲಿಲ್ವಾ?"

"ನಿನ್ನ ಬಗ್ಗೆ ಯೋಚನೇನೇ ಮಾಡಲಿಲ್ಲ. ಅದೇ ನಿಜ."

ಹೊಡೆಯುವ ಮನಸ್ಸಾಯಿತು ಅವಳಿಗೆ. ಹೊಡೆಯಲಿಲ್ಲ.

"ಇದನ್ನ ಮಾರ್ಷಲ್ ಮುಂದೆ ಹೇಳು. ಊಟಕ್ಕೆ ಬರ್ತಿದಾನೆ."

"ಹೇಳಲ್ಲ. ಕೇಳಿದ್ರೆ ನಿವೆಸ್‌ಗೆ ತಲೆ ಕೆಟ್ಟಿದೆ, ನವೆಂಬರ್ ಬಂದ್ರೆ ಹಿಂಗೇ ಅಂತೀನಿ. ಊರೂ ಹೂಂ ಅನ್ನತ್ತೆ."

"ನೋಟರೀನ ಹೊಡೆದೋರು ಯಾರು?"

"ನನ್ನನ್ನ ಯಾಕೆ ನೋಡ್ತೀಯಾ? ಅವನು ಹೋದ್ರೆ ಮೊದಲು ಬೀದಿಗೆ ಬೀಳೋನು ನಾನು."

"ನೀನಲ್ಲ ಅಂತ ಗೊತ್ತು. ನಿನ್ನ ಡಬ್ಬೀಲಿ ಜೋಳದ ಹಿಟ್ಟಿದೆ. ಯಾರಿಗೆ ಹೇಳಿದ್ದೆ ಇದನ್ನ? ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋನು ಇವತ್ತು ನೀರಿನ ಹಾಗೆ ಸುರೀತಿದೀಯ. ಇದು ಮೊದಲ್ನೇ ಸಲ ಅಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತಿಸ್ತಾ ತನ್ನ ಕೈಬೆರಳಿನ ಮದುವೆ ಉಂಗುರವನ್ನು ತಿರುಗಿಸಿದ.

"ಈಸ್ಟರ್ ಆದ್ಮೇಲೆ," ಎಂದ. "ಅವಳೇ ಕೇಳಿದ್ಲು. ಆ ಬಂದೂಕು ಅವಳ ಕೈಗೇ ಸಿಕ್ಕಿತ್ತು. ಹಿಡಿ ಬಿಚ್ಚಿದಾಗ ನಿನ್ನ ಮುದ್ರೆ ನೋಡಿದ್ಲು, ನಂಬರ್ ನೋಡಿದ್ಲು. ಸುಳ್ಳು ಹೇಳೋಕಾಗಲಿಲ್ಲ."

"ನೋಟರಿ ಬೀರೂಲಿದ್ದಿದ್ದು ಇನ್ನೊಬ್ಬರ ಕೈಗೆ ಹೇಗೆ ಸಿಕ್ತು?"

"ಅವನ ಬಂದೂಕು ಯಾರು ತೊಳೀತಿದ್ರು ಅಂದ್ಕೊಂಡೆ? ಆರು ವರ್ಷದಿಂದ, ಪ್ರತಿ ಮಂಗಳವಾರ, ಹಿಂದಿನ ಬಾಗಿಲಿಂದ. ಯಾರಿಗೂ ಹೇಳಬಾರದು ಅಂತ ಆಣೆ. ಅವನಿಗೂ ಮರ್ಯಾದೆ ಪ್ರಶ್ನೆ, ನನಗೂ."

ನಿವೆಸ್ ಬಾಯಿ ತೆರೆದಳು, ಯಾರು ಎಂದು ಕೇಳಲು. ಕೇಳುವ ಅಗತ್ಯ ಬೀಳಲಿಲ್ಲ. ಪಕ್ಕದ ಅಡುಗೆಮನೆಯಿಂದ, ಬಾಗಿಲ ಸಂದಿಯಲ್ಲಿ, ಒಂದು ವಾಸನೆ ತೇಲಿ ಬಂತು. ಪೊಲೆಂತಾದ್ದಲ್ಲ, ಮಾಂಸದ್ದಲ್ಲ.

ಯಾರೋ ರವೆ ಹುರಿಯುತ್ತಿದ್ದರು.

ನಿವೆಸ್ ಬಾಗಿಲ ಕಡೆ ತಿರುಗಿದಳು. ಅವನು, ಅಮ್ಮ, ನಾನು ಎಂದು ಬೆಳಿಗ್ಗೆ ಎಣಿಸಿದ್ದಳು. ನಾಲ್ಕನೆಯವಳೊಬ್ಬಳಿದ್ದಳು. ಎಲಿಯೊ ಮದುವೆಯಾಗಬೇಕಿದ್ದ ಹುಡುಗಿ. ಕೊನೆಯ ಆ ಬೇಸಿಗೆಯಿಡೀ ಅಮ್ಮನ ಒಲೆಯ ಮುಂದೆಯೇ ಇದ್ದವಳು. ಅವನು ಸತ್ತು ವರ್ಷದೊಳಗೆ ತಿಸ್ತಾನ ಕೈ ಹಿಡಿದ ದಿನವೇ ನಿವೆಸ್ ಅವಳನ್ನು ಎಣಿಸುವುದು ಬಿಟ್ಟಿದ್ದಳು. ಸಿಟ್ಟಿಗೆ ಬಿಟ್ಟವರನ್ನು ಮನಸ್ಸು ನಿಜವಾಗಿಯೂ ಮರೆತುಬಿಡುತ್ತದೆ.

ಅವಳು ಬಾಗಿಲು ತಳ್ಳಿದಳು. ತಿಸ್ತಾ ಹಿಂದೆ ಬರಲಿಲ್ಲ.

ಲೊರೆದಾನಾ ಒಲೆಯ ಮುಂದೆ ನಿಂತಿದ್ದಳು. ನಲವತ್ತೇಳು ವಯಸ್ಸಿಗೆ ತಲೆ ಪೂರ್ತಿ ನರೆತಿತ್ತು. ಒಂದು ಕಡೆ ತಾಮ್ರದ ಹಂಡೆಯಲ್ಲಿ ಪೊಲೆಂತಾ ಕೊತಕೊತ ಕುದಿಯುತ್ತಿತ್ತು. ಇನ್ನೊಂದು ಕಡೆ, ಸಣ್ಣ ನೀಲಿ ಉರಿಯ ಮೇಲೆ, ಕಬ್ಬಿಣದ ಬಾಣಲೆ. ಅದರ ಹಿಡಿಗೆ ಎರಡು ಹಿತ್ತಾಳೆ ಮೊಳೆ ಬಡಿದಿತ್ತು. ಬಡಿದವನು ಎಲಿಯೊ.

"ನೀನು ಗೇಟ್ ಹತ್ರ ಬರೋದು ಕಿಟಕೀಲಿ ಕಾಣಿಸ್ತು ಅಕ್ಕ," ಎಂದಳು ಲೊರೆದಾನಾ, ತಿರುಗದೆ. "ಆಗಲೇ ಬಾಣಲೆ ಇಟ್ಟೆ."

ಅಕ್ಕ ಎಂದು ಕರೆಸಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ನಿವೆಸ್ ಹತ್ತಿರ ಹೋಗಿ ಬಾಣಲೆಯ ಹಿಡಿ ನೋಡಿದಳು.

"ಅಮ್ಮನ ಬಾಣಲೆ ಇದು. ಕಳೆದುಹೋಯ್ತು ಅಂದ್ಕೊಂಡಿದ್ದೆ."

"ಅಮ್ಮಾನೇ ಕೊಟ್ರು. ತೀರಿಹೋಗೋಕೆ ಒಂದು ವಾರ ಮುಂಚೆ. ನಿನಗೆ ಹೇಳಬೇಡ ಅಂದಿದ್ರು."

"ಲೊರೆ, ಏನು ಮಾಡಿಬಿಟ್ಟೆ ನೀನು?"

ಸೌಟು ನಿಧಾನವಾಗಿ ತಿರುಗುತ್ತಿತ್ತು. ಅವಳ ಉಗುರಿನ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆ ಇತ್ತು.

"ಕೇಳೋಕೆ ಹೋದೆ. ಒಂದು ಕಾಗದ ಬರೆದುಕೊಡಿ, ನಿವೆಸಕ್ಕನ ಹೆಸರಿಗೆ ಮೆತ್ತಿದ್ದು ಹೋಗಲಿ ಅಂದೆ. ಅವರು ಪತ್ರಿಕೆ ಓದ್ತಿದ್ರು. ತಲೆ ಎತ್ತಲಿಲ್ಲ. ಮೆತ್ತಿದ್ದನ್ನ ತೊಳೆಯೋದು ನಿನ್ನ ಕೆಲಸ, ಅದಕ್ಕೇ ಅಲ್ವಾ ದುಡ್ಡು ಕೊಡೋದು ಅಂದ್ರು."

ನಿವೆಸ್‌ಗೆ ನೋಟರಿಯ ಸ್ವರ ಕೇಳಿಸಿದಂತಾಯಿತು. ಹಾಗೆ ಹೇಳುವವನೇ ಅವನು. ಆದರೂ ಮೂವತ್ತು ವರ್ಷ ಅಳತೆ ನೋಡಿದ ಬುದ್ಧಿ ಒಂದು ಕಡೆ ತಡೆಯಿತು.

"ಕಾಗದ ಕೇಳೋಕೆ ಹೋದೋಳು ಐದು ಮನೆ ತುಂಬಿಕೊಂಡು ಯಾಕೆ ಹೋದೆ? ಅದೂ ಎಲಿಯೊ ತುಂಬೋ ಹಾಗೆ?"

ಕಿಟಕಿಯಾಚೆ, ಮಂಜಿನಲ್ಲಿ, ಮೈದಾನದ ಗೇಟು ಕಿರ್ರೆಂದಿತು. ಲೊರೆದಾನಾ ಅತ್ತ ಒಮ್ಮೆ ನೋಡಿದಳು. ಆಮೇಲೆ ಮೊದಲ ಸಲ ನಿವೆಸ್‌ಳ ಮುಖ ನೋಡಿದಳು. ಕಣ್ಣು ಒಣಗಿತ್ತು.

"ಸ್ವಲ್ಪ ತಿರುಗಿಸ್ತಿರು ಅಕ್ಕ, ತಳ ಹಿಡಿಯತ್ತೆ. ಸೌದೆ ತಂದುಬಿಡ್ತೀನಿ."

ಸೌಟು ಚಾಚಿದಳು. ಒಲೆಯ ಮುಂದೆ ಒಬ್ಬಳು ಸೌಟು ಚಾಚಿದರೆ ಇನ್ನೊಬ್ಬಳು ಹಿಡಿಯುತ್ತಾಳೆ, ಯೋಚನೆ ಮಾಡುವುದಿಲ್ಲ. ನಿವೆಸ್ ಹಿಡಿದಳು. ಹಿಂದಿನ ಬಾಗಿಲು ತೆರೆದು ಮುಚ್ಚಿತು.

ರವೆ ಹದಕ್ಕೆ ಬರುತ್ತಿತ್ತು. ಬಿಳಿ ಹೋಗಿ ಕೆಂಪು ತಿರುಗುವ ಆ ಹೊತ್ತಿನಲ್ಲಿ ಕೈ ನಿಲ್ಲಿಸಬಾರದು. ಎಲಿಯೊ ಹಾಗೇ ಹೇಳುತ್ತಿದ್ದ. ಘಮ ಮುಖಕ್ಕೆ ಬಡಿಯಿತು. ಅವಳು ಅಳುತ್ತಲೇ ತಿರುಗಿಸಿದಳು. ನೀನು ಒಳ್ಳೆ ಬಂದೂಕನ್ನೇ ಕೊಟ್ಟಿದ್ದೆ ಎಂದು ಅವನು ಹಿಂದೆ ಬಂದು ನಿಂತು ಹೇಳುತ್ತಾನೆ ಅನ್ನಿಸಿತು. ಆ ಒಂದು ಮಾತು ಕೇಳಿದರೆ ಸಾಕಿತ್ತು.

ಹಿಂದೆ ನಿಜವಾಗಿಯೂ ಹೆಜ್ಜೆ ಸದ್ದಾಯಿತು. ಎಲಿಯೊ ಎಂದು ತುಟಿಯವರೆಗೂ ಬಂತು.

"ಘಮ ಗೇಟಿನವರೆಗೂ ಬರ್ತಿದೆ ಸಿನ್ಯೋರಾ," ಎಂದ ಮಾರ್ಷಲ್ ಲೊ ಕಾಶೊ.

ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಬಾಣಲೆಗೆ ಹೋಯಿತು, ಅಲ್ಲಿಂದ ಸೌಟಿಗೆ, ಸೌಟು ಹಿಡಿದ ಕೈಗೆ. ಅವನು ಮುಂದೆ ಬಂದು ಒಂದು ಚಿಟಿಕೆ ರವೆ ತೆಗೆದು ಅಂಗೈಗೆ ಹಾಕಿ ನೋಡಿದ. ಬೆಳಿಗ್ಗೆ ಠಾಣೆಯಲ್ಲಿ ಕಾಗದದ ಮೇಲೆ ನೋಡಿದ್ದ ಅದೇ ಕೆಂಪು.

"ಬದುಕಿರೋರಲ್ಲಿ ನೀವೊಬ್ಬರೇ ಅಂದಿದ್ರಿ."

"ನಾನಲ್ಲ. ಲೊರೆದಾನಾ ಹುರೀತಿದ್ಲು. ತಿಸ್ತಾ ಹೆಂಡತಿ. ಈಗ ಬರ್ತಾಳೆ, ಕೇಳಿ ಬೇಕಾದ್ರೆ. ತಿಸ್ತಾನ್ನೂ ಕೇಳಿ, ಪಕ್ಕದ ಕೋಣೇಲೇ ಇದಾನೆ."

"ಪಕ್ಕದ ಕೋಣೇಲಿ ಯಾರೂ ಇಲ್ಲ. ನೋಡ್ಕೊಂಡೇ ಬಂದೆ. ಆಕೆ ಎಲ್ಲಿಗೆ ಹೋದ್ರು?"

"ಸೌದೆ ತರೋಕೆ."

ಮಾರ್ಷಲ್ ಮೆಲ್ಲಗೆ ಬಗ್ಗಿ ಬಾಣಲೆಯ ಅಡಿಯಲ್ಲಿ ಇಣುಕಿದ. ನಿವೆಸ್ ಕೂಡ ಆಗಲೇ ನೋಡಿದ್ದು. ಒಲೆಯ ಹಿಂದಿನಿಂದ ಗೋಡೆಯುದ್ದಕ್ಕೆ ಹಳದಿ ಕೊಳವೆ ಹೋಗಿತ್ತು, ಉರಿ ನೀಲಿಯಾಗಿ ಸುಯ್ಯೆನ್ನುತ್ತಿತ್ತು.

"ಗ್ಯಾಸ್ ಒಲೆಗೆ ಸೌದೆನಾ ಸಿನ್ಯೋರಾ?" ಎಂದು ಅವನು ಕೇಳಿದ.